ಚೆನ್ನಿಗರಾಯನ ಪೀಠಕ್ಕೆ ಅಳತೆ

ಮಾದಿಹಳ್ಳಿ ಕಡೆಯ ಚೆನ್ನಿಗರಾಯನ ಗುಡಿ ಸಣ್ಣದು. ಹಳೇಬೀಡಿಗೆ ಬಸ್ಸುಗಟ್ಟಲೆ ಬರುವ ಜನ ಅದರತ್ತ ತಿರುಗಿಯೂ ನೋಡುವುದಿಲ್ಲ. ನೋಡದಿದ್ದರೆ ನಷ್ಟ ಅವರಿಗೇ ಎನ್ನುವುದು ಅರ್ಚಕ ಸುಂದರರಾಜರ ಖಡಾಖಂಡಿತ ಅಭಿಪ್ರಾಯ. ಮೂವತ್ತೆಂಟು ವರ್ಷದಿಂದ ಆ ದೇವರನ್ನು ಮೀಯಿಸಿ, ಉಡಿಸಿ, ನೈವೇದ್ಯ ಇಟ್ಟವರು ಅವರು. ಒಂದೂವರೆ ವರ್ಷದಿಂದ ಈಚೆಗೆ ಅವರ ಕೈ ನಡುಗುತ್ತಿತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಊರವರು ಮರ್ಯಾದೆಯಿಂದಲೇ, ಬಹಳ ಮರ್ಯಾದೆಯಿಂದಲೇ, ತಮ್ಮನ್ನು ಗರ್ಭಗುಡಿಯ ಆಚೆ ಕೂರಿಸಿಬಿಡುತ್ತಾರೆಂದು ಅವರಿಗೆ ಗೊತ್ತಿತ್ತು.

ಉತ್ಸವಮೂರ್ತಿಯ ಮರದ ಪೀಠಕ್ಕೆ ಗೆದ್ದಲು ಹಿಡಿದಿತ್ತು. ಹುಣ್ಣಿಮೆಯ ದಿನ ದೇವರು ಮಂಟಪಕ್ಕೆ ಬರಬೇಕು. ಹೊಸ ಪೀಠಕ್ಕೆಂದು ಜಾವಗಲ್ಲಿನ ಬಡಗಿ ಕೆಂಚಪ್ಪನನ್ನು ಕರೆಸಿದ್ದರು. ಕೆಂಚಪ್ಪ ಚೀಲದಿಂದ ಬಾಚಣಿಗೆಯಂಥ ಒಂದು ಸಾಮಾನು ತೆಗೆದ. ಪಟ್ಟಿಯೊಂದರಲ್ಲಿ ಸಾಲಾಗಿ ನೂರಾರು ಸಣ್ಣ ಉಕ್ಕಿನ ಕಡ್ಡಿಗಳು. ಯಾವುದೇ ಅಂಚಿಗೆ ಒತ್ತಿದರೆ ಅಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಕಡ್ಡಿಗಳು ಹಿಂದೆ ಸರಿದು ಹಾಗೇ ನಿಲ್ಲುತ್ತವೆ. ಆ ಗೆರೆಯನ್ನು ರಟ್ಟಿನ ಮೇಲೆ ಬರೆದುಕೊಂಡು ಮರ ಕೊರೆದರೆ ಕೂದಲೆಳೆಯಷ್ಟೂ ಸಂದಿ ಉಳಿಯುವುದಿಲ್ಲ.

"ನಾನು ಒಳಕ್ಕೆ ಬರಂಗಿಲ್ಲ. ನೀವೇ ದೇವ್ರ ಬುಡಕ್ಕೆ ಒತ್ತಿ ತಂದ್ಕೊಡಿ ಸ್ವಾಮಿ," ಎಂದ ಕೆಂಚಪ್ಪ. "ಈಚೆಗೆ ತೆಗಿಯೋವಾಗ ಮಾತ್ರ ಅಲ್ಲಾಡಬಾರ್ದು."

ಸುಂದರರಾಜರು ಅದನ್ನು ಬಾವಿನೀರಿನಲ್ಲಿ ತೊಳೆದು ಒಳಗೆ ಒಯ್ದರು. ಉಸಿರು ಬಿಗಿಹಿಡಿದು ಒತ್ತಿದರು. ಮಡಿಯಲ್ಲಿದ್ದವರು ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ. ಹೊರಗಿನ ಕಲ್ಲಿನ ಮೇಲೆ ಇಟ್ಟರು, ಕೆಂಚಪ್ಪ ಎತ್ತಿಕೊಂಡ. ಆ ಪದ್ಧತಿಯ ಮರೆಯಲ್ಲೇ ಅವರು ಇಷ್ಟು ದಿನ ಕೈ ಬಚ್ಚಿಟ್ಟುಕೊಂಡಿದ್ದರು.

ಕೆಂಚಪ್ಪ ಗೆರೆ ಎಳೆದು, ಹುಬ್ಬು ಗಂಟಿಕ್ಕಿ, ಇನ್ನೊಂದು ಸಲ ಒತ್ತಿ ತರಲು ಕೇಳಿದ. ಆಮೇಲೆ ಮತ್ತೊಂದು ಸಲ. ಮೂರು ಗೆರೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡ.

"ಇದೇನ್ ಸ್ವಾಮಿ, ಇರೋದು ಒಬ್ಬ ದೇವ್ರು, ಮೂರು ಥರ ಬಂದೈತೆ!"

ಹಾಗೆನ್ನುತ್ತಲೇ ತಲೆ ಎತ್ತಿದವನ ಕಣ್ಣು ಅರ್ಚಕರ ಕೈ ಮೇಲೆ ಬಿತ್ತು. ಸುಂದರರಾಜರು ಅದನ್ನು ಉತ್ತರೀಯದೊಳಗೆ ಎಳೆದುಕೊಂಡರು. ಕೆಂಚಪ್ಪ ತಕ್ಷಣ ರಟ್ಟಿನತ್ತ ತಿರುಗಿದ.

"ನಂದೇ ತಪ್ಪು. ಸಾಮಾನು ಸಡಿಲ ಆಗೈತೆ. ಒಂಚೂರು ಅಗಲವಾಗೇ ಕೊರೀತೀನಿ. ಸಂದಿಗೆ ಮೇಣ ತುಂಬುದ್ರೆ ಯಾರ್ಗೂ ಗೊತ್ತಾಗಾಕಿಲ್ಲ."

ಅವನದು ದೊಡ್ಡ ಮನಸ್ಸು. ಆದರೆ ಆ ಮಾತು ಸುಂದರರಾಜರಿಗೆ ಚುಚ್ಚಿತು. ಹೋದ ತಿಂಗಳು ಎತ್ತುವಾಗ ಮೂರ್ತಿ ಕೈಜಾರಿತ್ತು. ಎದೆಗೊತ್ತಿ ಹಿಡಿದುಕೊಂಡಿದ್ದರು, ಎದೆ ಕಂದಿದ್ದಕ್ಕೆ ಹೆಂಡತಿ ಕನಕಲಕ್ಷ್ಮಿಗೆ ಬಾಗಿಲು ಬಡಿಯಿತೆಂದು ಸುಳ್ಳು ಹೇಳಿದ್ದರು. ದೇವರ ಒಂದು ಬೆರಳು ಮುರಿದರೂ ಅದು ಭಿನ್ನ, ಆಮೇಲೆ ಪೂಜೆಯಿಲ್ಲ. ಹಾಗೆ ಪೂಜೆ ತಪ್ಪಿದ ವಿಗ್ರಹಗಳನ್ನು ಹಳೇಬೀಡಿನ ಮ್ಯೂಸಿಯಮ್ಮಿನಲ್ಲಿ ಸಾಲಾಗಿ ನಿಲ್ಲಿಸಿ ನಂಬರು ಬರೆದಿಟ್ಟಿರುವುದನ್ನು ಈ ಸೀಮೆಯ ಮಕ್ಕಳೆಲ್ಲ ನೋಡಿಯೇ ಬೆಳೆದವರು. ನಡುಗುವ ಕೈ ಸಾಲದೆಂದು ಈಗ ಸಡಿಲ ಪೀಠ ಬೇರೆ.

ಪ್ರಾಕಾರದಲ್ಲಿ ತಮ್ಮನ ಮಗ ರಘುರಾಮ್ ತುಳಸಿ ಬಿಡಿಸುತ್ತಿದ್ದ. ಬೇಲೂರಿನಲ್ಲಿ ಮೇಷ್ಟ್ರು, ಭಾನುವಾರ ತಪ್ಪದೆ ಬರುವವನು. ಮಂತ್ರವೆಲ್ಲ ಬಾಯಿಪಾಠವಾಗಿತ್ತು. ಆದರೂ ಸ್ವರ ಸರಿಯಿಲ್ಲವೆಂದು ಸುಂದರರಾಜರು ಅವನನ್ನು ಎಂಟು ವರ್ಷದಿಂದ ಹೊರಗೇ ಇಟ್ಟಿದ್ದರು. ಸ್ವರ ಸರಿಯಾಗಿಯೇ ಇತ್ತು. ಸರಿಯಿಲ್ಲದಿದ್ದದ್ದು ತಮ್ಮ ಹೊಟ್ಟೆಕಿಚ್ಚು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಮೇಣ ಬೇಡ ಕೆಂಚಪ್ಪ, ಸಾಮಾನು ಸರಿಯಾಗೇ ಇದೆ," ಎಂದರು. ಆಮೇಲೆ ದನಿ ಎತ್ತಿ ಕರೆದರು. "ರಘು, ಸ್ನಾನ ಮಾಡಿ ಮಡಿ ಉಟ್ಕೊಂಡು ಒಳಗೆ ಬಾರೋ. ನನ್ನ ಕೈ ನಡುಗತ್ತೆ. ನನ್ನಿಂದ ಆಗ್ತಿಲ್ಲ."

ರಘುರಾಮ್ ತುಳಸಿಯನ್ನು ಹಾಗೇ ಹಿಡಿದು ನಿಂತ. "ಇವತ್ತೊಂದು ದಿನಕ್ಕಾ, ದೊಡ್ಡಪ್ಪ?"

ಹೌದು ಎಂದುಬಿಡುವುದು ಎಷ್ಟು ಸುಲಭವಾಗಿತ್ತು!

"ಅಲ್ಲ ಕಣೋ. ಇನ್ಮೇಲೆ ನೀನೇ."

ರಘುರಾಮ್ ಒತ್ತಿ ತಂದ ಅಳತೆ ಎರಡು ಸಲವೂ ಒಂದೇ ಬಂತು. ಬಲಗಡೆ ಒಂದು ಕಡೆ ಪದ್ಮದ ಎಸಳು ಸವೆದಿದ್ದದ್ದೂ ಗೆರೆಯಲ್ಲಿ ಸ್ಪಷ್ಟವಾಗಿ ಕಂಡಿತು. ಮೂವತ್ತೆಂಟು ವರ್ಷ ಸುಂದರರಾಜರು ಅಭಿಷೇಕಕ್ಕೆಂದು ಹೆಬ್ಬೆರಳು ಊರಿ ಹಿಡಿಯುತ್ತಿದ್ದ ಜಾಗ ಅದು. ಕೆಂಚಪ್ಪ ರಟ್ಟು ಕತ್ತರಿಸಿಕೊಂಡು, ಮಂಗಳಾರತಿ ಮುಗಿಸಿಕೊಂಡೇ ಹೋಗುತ್ತೇನೆಂದು ನಿಂತ.

ಒಳಗೆ ರಘುರಾಮ್ ಪರದೆ ಸರಿಸಿ ಗಂಟೆ ಬಾರಿಸಿದ. ಸುಂದರರಾಜರು ಎಲ್ಲರ ಹಿಂದೆ ಕೈಮುಗಿದು ನಿಂತಿದ್ದರು. ಆರತಿಯ ಬೆಳಕಿಗೆ ಕತ್ತು ಚಾಚಿದರು. ಆಳೆತ್ತರದ ಕೆಂಚಪ್ಪ ಅಡ್ಡವಾಗಿದ್ದ.

"ಕೆಂಚಪ್ಪ," ಎಂದರು ಮೆಲ್ಲಗೆ, "ಒಂಚೂರು ಸರಿಯಯ್ಯ. ನನಗೆ ದೇವರು ಕಾಣಿಸ್ತಿಲ್ಲ."

ಕೆಂಚಪ್ಪ ಬೆಚ್ಚಿ ತಿರುಗಿ ನೋಡಿ, ದಾರಿ ಬಿಟ್ಟ.