ಗೇರಿನ ಗುರುತು

"ಇವನ್ನ ಬೇರೆ ಕುದಿಸು. ನಮ್ಮ ಬಟ್ಟೆ ಜೊತೆ ಸೇರಿಸ್ಬೇಡ," ಎನ್ನುತ್ತ ಯಮುನಮ್ಮ ಸೊಸೆಯ ನಾಲ್ಕು ರವಿಕೆಗಳನ್ನು ಕೋಲಿನ ತುದಿಯಿಂದ ಹಿತ್ತಿಲ ಕಲ್ಲಿನ ಮೇಲೆ ಎಳೆದು ಹಾಕಿದರು.

ಮಡಿವಾಳರ ಹುಲಿಯಮ್ಮ ಕೋಲನ್ನೊಮ್ಮೆ, ಯಮುನಮ್ಮನ ಮುಖವನ್ನೊಮ್ಮೆ ನೋಡಿದಳು. ಮಗಳ ಬಾಣಂತನ ಮುಗಿಸಿ ಹೊಸನಗರದಿಂದ ಅವಳು ಬಂದದ್ದು ನಿನ್ನೆಯಷ್ಟೆ. ಮೇಳಿಗೆಯ ಹುಡುಗಿ ಸರೋಜ ಯಮುನಮ್ಮನ ಮಗ ಜಯಪ್ಪನ ಕೈಹಿಡಿದು ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ.

"ಸರೋಜಮ್ಮ ಕಾಣ್ಲಿಲ್ಲ?"

"ತವರಿಗೆ ಕಳ್ಸಾಯ್ತು. ಕುತ್ತಿಗೆ ಹಿಂದೆ ಕೆಂಪಗೆ ಎದ್ದಿತ್ತು, ಆಮೇಲೆ ಬೆನ್ನಿಗೂ ಇಳೀತು. ಎಂತ ರೋಗ ಅಂತ ನನ್ನ ಬಾಯಲ್ಲೇ ಹೇಳಿಸ್ಬೇಕಾ?"

"ತುರಿಸ್ತಿತ್ತಾ ಅಮ್ಮಾ?"

"ಇಡೀ ದಿನ ಪರಪರ ಕೆರ್ಕೊಳ್ತಿದ್ಲು. ನೀರೂ ಒಸರ್ತಿತ್ತು."

ದೊಡ್ಡ ರೋಗದ, ಅಂದರೆ ಕುಷ್ಠದ, ಮಚ್ಚೆ ಜೋಮು ಹಿಡಿದಿರುತ್ತದೆಯೇ ಹೊರತು ಹೀಗೆ ತುರಿಸುವುದನ್ನು ಹುಲಿಯಮ್ಮ ಎಲ್ಲೂ ಕಂಡಿರಲಿಲ್ಲ. ಒಂದು ರವಿಕೆಯನ್ನು ತಿರುವಿ ಒಳಮಗ್ಗುಲು ನೋಡಿದಳು. ಕುತ್ತಿಗೆಪಟ್ಟಿಯಲ್ಲಿ ಮೂರು ಚುಕ್ಕೆ, ಒಂದು ಅಡ್ಡಗೆರೆ. ಸೊಸೆ ಈ ಮನೆಯವಳಾದಳೆಂದು, ಹೊಸನಗರಕ್ಕೆ ಹೊರಡುವ ಮೊದಲು, ಈ ಮನೆಯ ಗುರುತು ಹಾಕಿದವಳು ಹುಲಿಯಮ್ಮನೇ.

ಬಟ್ಟೆ ಅದಲುಬದಲಾಗದಂತೆ ಮನೆಗೊಂದು ಗುರುತು ಇರುತ್ತಿತ್ತು. ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಒಸರುವ ಕಪ್ಪು ರಸದಲ್ಲಿ ಬರೆದು, ಮೇಲೆ ಸುಣ್ಣ ಸವರಿ, ಎಂಟು ದಿನ ಒಣಗಿಸಿ, ಒಗೆದು ಕೊಡಬೇಕು. ಹಸಿ ರಸ ತಾಗಿದರೆ ಮೈಯೆಲ್ಲ ಗುಳ್ಳೆ. ಅತ್ತೆ ಕಲಿಸಿದ ಪಾಠವಿದು. ಆದರೆ ಮೂವತ್ತು ವರ್ಷ ಗೇರು ಮುಟ್ಟಿದ ಹುಲಿಯಮ್ಮನ ಬೆರಳುಗಳಿಗೆ ಅದು ಸುಡುತ್ತದೆ ಎನ್ನುವುದೇ ಮರೆತುಹೋಗಿತ್ತು. ವರದಹಳ್ಳಿಗೆ ಹೋಗುವುದಿದೆ, ನಾಳೆಗೇ ರವಿಕೆ ಬೇಕು ಎಂದು ಯಮುನಮ್ಮ ಹೇಳಿ ಕಳಿಸಿದಾಗ, ಸಂಜೆ ಬರೆದದ್ದನ್ನು ಸುಣ್ಣವೂ ಸವರದೆ ಬೆಳಿಗ್ಗೆ ಮಡಿಸಿ ಕೊಟ್ಟಿದ್ದಳು.

ಹೇಳಿದರೆ ಈ ಮನೆ ತಪ್ಪುತ್ತದೆ, ಒಗೆತಕ್ಕೆ ಕೊಡುವ ಸುಗ್ಗಿಯ ಭತ್ತವೂ ತಪ್ಪುತ್ತದೆ. ಹೇಳದಿದ್ದರೆ ಆ ಹುಡುಗಿಯ ಬಾಳೇ ಹೋಗುತ್ತದೆ. ತನ್ನ ಹಾಳು ಹೊಟ್ಟೆಗೆ ಶಾಪ ಹಾಕಿಕೊಂಡು ಹುಲಿಯಮ್ಮ ಬಾಯಿ ಬಿಟ್ಟಳು.

"ಅಮ್ಮಾ, ಅದು ರೋಗ ಅಲ್ಲ, ನನ್ ತಪ್ಪು. ಹಸಿ ಗೇರು ತಾಗಿದ್ದು. ಈ ರವಿಕೆ ತೊಡದೆ, ಕೊಬ್ರಿ ಎಣ್ಣೆ ಹಚ್ಚಿದ್ರೆ ಹದ್ನೈದು ದಿನಕ್ಕೆ ಆರ್ತದೆ. ನನ್ನ ಬೇಕಾದ್ರೆ ಹೊಡೀರಿ, ಹುಡ್ಗೀನ ಕರ್ಸ್ಕೊಳ್ಳಿ."

ಯಮುನಮ್ಮ ಬೈಯಲಿಲ್ಲ. ಹುಲಿಯಮ್ಮನಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ.

"ಗೊತ್ತು ಮಾರಾಯ್ತಿ. ತೀರ್ಥಹಳ್ಳಿ ಡಾಕ್ಟ್ರೂ ಅದನ್ನೇ ಹೇಳಿದ್ರು. ಸೂಜಿ ಚುಚ್ಚಿ ನೋಡಿದ್ರು, ಅಯ್ಯೋ ಅಂತ ಕೂಗಿದ್ಲು. ಗುಲಾಬಿ ಬಣ್ಣದ ಔಷಧಿ ಕೊಟ್ಟಿದಾರೆ."

"ಹಂಗಾದ್ರೆ ಇವನ್ನ ಬೇರೆ ಕುದಿಸೋದು ಯಾಕಮ್ಮಾ?"

"ಹೊಳೆ ದಾರೀಲಿ ಜನ ನೋಡ್ತಾರಲ್ಲ. ಡಾಕ್ಟ್ರ ಹತ್ರ ಹೋಗೋ ಮೊದ್ಲೇ ಊರಲ್ಲಿ ಸುದ್ದಿ ಆಗ್ಹೋಗಿತ್ತು. ಮನೇಲಿ ಮದ್ವೆಗಿರೋ ಹುಡ್ಗಿ ಇದ್ದಾಳೆ. ಮನೆಮನೆಗೆ ಹೋಗಿ ಗೇರು ಗೇರು ಅಂತ ಸಾರ್ಲಾ ನಾನು?"

"ಸುದ್ದಿ ಮೊದ್ಲು ಹೇಳಿದ್ದು ಯಾರು?"

ಯಮುನಮ್ಮ ಕೋಲನ್ನು ಗೋಡೆಗೆ ಒರಗಿಸಿದರು.

"ಜಯಪ್ಪಂಗೆ ನಿಟ್ಟೂರು ಕಡೆ ಬೇರೆ ಹೆಣ್ಣು ನೋಡಿದೀವಿ. ಇವು ಮೇಳಿಗೆಗೆ ಹೋಗ್ಬೇಕು, ನಮ್ಮನೆ ಗುರ್ತು ಇರ್ಬಾರ್ದು. ತೆಗ್ದು ಕೊಡು. ನೀನು ಬಾಯಿ ಮುಚ್ಕೊಂಡಿರು, ನಿನ್ ಭತ್ತ ಎಲ್ಲಿಗೂ ಹೋಗಲ್ಲ."

ಹುಲಿಯಮ್ಮ ಗಂಟು ಹೊತ್ತು ಹೊಳೆಗೆ ಇಳಿದಳು. ಮೇಳಿಗೆಯ ದಾರಿ ಹೊಳೆಯಾಚೆ ಇತ್ತು. ಅತ್ತ ನೋಡಿದಳು, ಹೋಗಲಿಲ್ಲ.

ರವಿಕೆಗಳನ್ನು ಸೋಡಾ ಹಾಕಿ ಕುದಿಸಿದಳು. ಕಲ್ಲಿಗೆ ಬಡಿದಳು. ಹುಣಿಸೆಹಣ್ಣು ಹಚ್ಚಿ ತಿಕ್ಕಿದಳು. ಬಟ್ಟೆ ಸವೆದು, ಕುತ್ತಿಗೆಪಟ್ಟಿಯ ಹಿಂದೆ ಇಟ್ಟ ಬೆರಳು ಕಾಣತೊಡಗಿತು. ಮೂರು ಚುಕ್ಕೆ, ಒಂದು ಅಡ್ಡಗೆರೆ ಹಾಗೇ ಇದ್ದವು.