ಅಡಿ ಲೆಕ್ಕಕ್ಕಿಲ್ಲ

ಲಾರಿಯ ಅಡಿಭಾಗ ಲಾರಿಯೋ ಅಲ್ಲವೋ ಎಂಬ ಗಹನವಾದ ಪ್ರಶ್ನೆಯೊಂದು ತೊಂಬತ್ತಾರನೇ ಇಸವಿ ಡಿಸೆಂಬರ್ ತಿಂಗಳ ಒಂದು ಶುಕ್ರವಾರ ಬೆಟ್ಟದಪುರದ ಶಿವಶಂಕರ್ ಅವರ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ಎದ್ದು, ಅಲ್ಲೇ ಇತ್ಯರ್ಥವಾಯಿತು. ಶಾಸ್ತ್ರ ಬಲ್ಲವರು ಒಬ್ಬರೇ ಇದ್ದುದರಿಂದ ಭಿನ್ನಾಭಿಪ್ರಾಯ ಬರಲಿಲ್ಲ.

"ಕೈ ತಗೀಲಾ ಬೋಳಿಮಗ್ನೆ," ಎಂದು ಶಿವಶಂಕರ್ ಶುರುಮಾಡಿದ್ದರು. "ಈಗಿನ್ನೂ ಪೂಜೆ ಆಗೈತೆ. ಕುಂಕುಮ ಆರಿಲ್ಲ, ಆಗ್ಲೇ ಬಂದು ತಬ್ಕೊಂಡವ್ನೆ."

ಗ್ಯಾರೇಜ್ ಕೆಲಸದ ಮಂಚಯ್ಯ ತಬ್ಬಿಕೊಂಡಿರಲಿಲ್ಲ. ಬೆಳಗಿನಿಂದ ಅಡಿಯಲ್ಲಿ ಮಲಗಿ ತುಕ್ಕು ಕೆರೆದು, ತೆವಳಿಕೊಂಡು ಹೊರಬಂದು ಏಳುವಾಗ, ಐವತ್ತು ದಾಟಿದ ಮೊಣಕಾಲು ಮಾತು ಕೇಳದೆ ಬಂಪರು ಹಿಡಿದಿದ್ದ, ಅಷ್ಟೆ. ಪೂಜೆ ನಡೆದದ್ದು ಅವನ ಮೇಲೆಯೇ. ಮಂಗಳಾರತಿಯ ಗಂಟೆ, ತೆಂಗಿನಕಾಯಿ ಒಡೆದ ಸದ್ದು ಎಲ್ಲ ಅವನಿಗೆ ಮೇಲಿನಿಂದ ಕೇಳಿಸಿತ್ತು. ಆಗ ಅದು ಯಾರಿಗೂ ಮೈಲಿಗೆ ಅನಿಸಿರಲಿಲ್ಲ. ಅಡಿಯಲ್ಲಿ ಅವನಿದ್ದಾನೆಂಬುದು ಯಾರಿಗೂ ನೆನಪಿರಲಿಲ್ಲ.

"ಅಂಗಾರೆ ಕೆಲ್ಸ ಎಂಗ್ ಮಾಡ್ಲಿ ಬುದ್ಧಿ? ಇನ್ನೂ ಅರ್ಧ ತುಕ್ಕು ಅಂಗೇ ಐತೆ."

ಶಿವಶಂಕರ್, ಪೂಜೆ ಮಾಡಿಸಿದ ಅಯ್ನೋರ ಕಡೆ ತಿರುಗಿದರು. ಅಯ್ನೋರು ಕಾಯಿಹೋಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಲೇ ತೀರ್ಪು ಕೊಟ್ಟರು.

"ಪೂಜೆ ಏನಿದ್ರೂ ಗಾಲಿಯಿಂದ ಮೇಲಕ್ಕೆ. ಅಡಿ ನೆಲಕ್ಕೆ ಸೇರಿದ್ದು. ಅದು ಲಾರಿ ಲೆಕ್ಕಕ್ಕೆ ಬರಲ್ಲ."

"ಕೇಳುಸ್ತೇನ್ಲಾ?" ಎಂದರು ಶಿವಶಂಕರ್. "ಅಡಿ ಮುಟ್ಟು. ಲಾರಿ ಮುಟ್ಬ್ಯಾಡ."

ಮಂಚಯ್ಯ ಗೋಣಿತಾಟು ಎಳೆದುಕೊಂಡು ಮತ್ತೆ ಅಡಿಗೆ ಹೋದ.

ಲಾರಿ ಹಳೆಯದು. ಕಣ್ಣೂರಿನ ಕಡೆಯ ಸಾಬರೊಬ್ಬರಿಂದ ಕೊಂಡದ್ದು. ಹದಿನೈದು ವರ್ಷ ಅದು ಉಪ್ಪುಮೀನು ಹೊತ್ತಿತ್ತು. ಶಿವಶಂಕರ್ ಅವರು ಮಾಂಸ ತಿನ್ನದ ಮನೆತನದವರಾದ್ದರಿಂದ, ಲಾರಿ ಬಂದ ದಿನವೇ ಗಂಜಲ ಚಿಮುಕಿಸಿ, ಮೂರು ಸಲ ತೊಳೆಸಿ, ಹೊಸ ಬಣ್ಣ ಹೊಡೆಸಿ, ಹಣೆಯ ಮೇಲೆ 'ಸಿಡಿಲು ಮಲ್ಲಿಕಾರ್ಜುನ ಪ್ರಸನ್ನ' ಎಂದು ಬರೆಸಿದ್ದರು. ಅಡಿಗೆ ಮಾತ್ರ ಯಾರೂ ಒಂದು ಚೊಂಬು ನೀರು ಹಾಕಿರಲಿಲ್ಲ. ಹದಿನೈದು ವರ್ಷ ತೊಟ್ಟಿಕ್ಕಿದ ಉಪ್ಪುನೀರು ಅಲ್ಲೇ ಕೂತು ಕಬ್ಬಿಣ ತಿನ್ನುತ್ತಿತ್ತು.

ಮಂಚಯ್ಯ ತಂತಿಬ್ರಷ್ಷಿನಿಂದ ಉಜ್ಜಿದ. ತುಕ್ಕು ಹಪ್ಪಳದಂತೆ ಎದ್ದು ಕಣ್ಣಿಗೆ, ಬಾಯಿಗೆ ಬಿತ್ತು. ಆಮೇಲೆ ಸುತ್ತಿಗೆ ತೆಗೆದುಕೊಂಡು ಚಾಸಿಯ ತೊಲೆಯ ಉದ್ದಕ್ಕೂ ಗೇಣಿಗೊಂದು ಏಟು ಹಾಕುತ್ತ ಹಿಂದಕ್ಕೆ ಸರಿದ. ಟಣ್. ಟಣ್. ಟಣ್. ಎಡಗಡೆ ಹಿಂದಿನ ಗಾಲಿಯ ಹತ್ತಿರ, ಸ್ಪ್ರಿಂಗ್ ಪ್ಲೇಟುಗಳು ಚಾಸಿಗೆ ಕೂಡುವ ಕಡೆ, ದೊಪ್ ಎಂದಿತು.

ಇನ್ನೊಂದು ಏಟು ಹಾಕಿದ. ದೊಪ್.

ಅವನ ಅಪ್ಪ ಊರಿನ ಸಾವುಗಳ ಮುಂದೆ ತಮಟೆ ಬಡಿಯುತ್ತಿದ್ದವನು. ಥಂಡಿ ಹಿಡಿದ ತಮಟೆಯನ್ನು ಸೌದೆ ಉರಿಗೆ ಕಾಯಿಸುತ್ತ, ಬೆರಳಲ್ಲಿ ತಟ್ಟಿ, "ಬಾಯಿ ಸತ್ತೋಗೈತೆ ಕಣ್ಲಾ ಇದ್ರುದು," ಎನ್ನುತ್ತಿದ್ದ. ಮಗ ತಮಟೆ ಬಿಟ್ಟು ಗ್ಯಾರೇಜಿಗೆ ಬಂದ. ಕಿವಿ ಜೊತೆಗೇ ಬಂತು. ಕಬ್ಬಿಣಕ್ಕೂ ಅವನು ಅದೇ ಮಾತು ಹೇಳುತ್ತಿದ್ದ. ಶಿವಶಂಕರ್ ಅವರ ಮುಂದೆಯೂ ಅದನ್ನೇ ಹೇಳಿದ್ದು ತಪ್ಪಾಯಿತು.

"ಬುದ್ಧಿ, ಎಡಗಡೆ ಚಾಸಿ ಬಾಯಿ ಸತ್ತೋಗೈತೆ."

ಕಾಲಿನ ಚಪ್ಪಲಿ ಬಂದು ಭುಜಕ್ಕೆ ಬಡಿಯಿತು.

"ಪೂಜೆ ಆಗಿರೋ ಗಾಡಿ ಮುಂದೆ ಸತ್ತೋಯ್ತು ಅಂತೀಯೇನ್ಲಾ ಅನಿಷ್ಟದ ನನ್ಮಗ್ನೆ? ನಿಮ್ಮಪ್ಪನ ಬುದ್ಧಿ ಎಲ್ಲೋಯ್ತದೆ?"

"ಅಂಗಲ್ಲ ಬುದ್ಧಿ, ಒಳಗೆಲ್ಲಾ ತಿಂದಾಕೈತೆ. ಪಟ್ಟಿ ಕೊಟ್ಟು ವೆಲ್ಡಿಂಗ್ ಹೊಡಿಸ್ಬೇಕು. ಸೋಮ್ವಾರ ಜನ ತುಂಬುದ್ರೆ ತಡಿಯಾಕಿಲ್ಲ."

"ಸೋಮ್ವಾರ ಗಾಡಿ ಕಾಫಿ ತೋಟದತ್ರ ಇರ್ಬೇಕು, ಮಾತು ಕೊಟ್ಟಿವ್ನಿ. ಕರೀ ಬಣ್ಣ ಐತಲ್ಲ, ಬಳಿ. ಅಡಿ ಯಾವನ್ ಬಗ್ ನೋಡ್ತಾನೆ?"

ಮಂಚಯ್ಯ ಚಪ್ಪಲಿಯನ್ನು ತಂದು ಅವರ ಕಾಲ ಬಳಿ ಇಟ್ಟ. ಶನಿವಾರವೆಲ್ಲ ಬಳಿದ. ಮೊದಲು ರೆಡ್ ಆಕ್ಸೈಡು, ಮೇಲೆ ಕರೀ ಬಣ್ಣ. ಸಂಜೆಗೆ ಅಡಿಭಾಗ ಕನ್ನಡಿಯಂತೆ ಹೊಳೆಯಿತು. ಅದನ್ನು ನೋಡಲು ಅವನೊಬ್ಬನೇ ಇದ್ದ.

ಸೋಮವಾರ ಆ ಲಾರಿಯಲ್ಲಿ ಕೇರಿಯ ನಲವತ್ತು ಹೆಂಗಸರು ಕೊಡಗಿಗೆ ಕಾಫಿ ಕುಯ್ಯಲು ಹೋಗುವುದಿತ್ತು. ಅವನ ಹೆಂಡತಿ ತಿಮ್ಮಮ್ಮನೂ ಇದ್ದಳು. ಭಾನುವಾರ ಕೊಳಾಯಿಯ ಹತ್ತಿರ ಅವನು ಹೇಳಿದ.

"ಆ ಲಾರಿ ಅತ್ಬ್ಯಾಡ್ರವ್ವ. ಗಾಡಿ ಅಡೀಲಿ ಏನೂ ಇಲ್ಲ, ಬರೀ ಬಣ್ಣ."

"ನಮ್ ಅಡೀಲಿ ಏನೈತಣ್ಣ?" ಎಂದಳು ಪುಟ್ಟಸಿದ್ದಮ್ಮ. ಹೆಂಗಸರೆಲ್ಲ ನಕ್ಕರು. "ತಮಟೆ ಬುಟ್ಟ ಅಂದ್ರೆ ಲಾರಿ ಬಡ್ಕಂಡು ಸಾವು ಸಾರ್ತಾವ್ನಲ್ಲ."

ತಿಮ್ಮಮ್ಮ ನಗಲಿಲ್ಲ. ಮನೆಗೆ ಬಂದ ಮೇಲೆ ಹೇಳಿದಳು: "ಈಗೋಗದಿದ್ರೆ ಮುಂದ್ಲೊರ್ಷ ಬೇರೆ ಊರೋರ್ನ ಕರ್ಕತಾರೆ. ನೀನು ಸುಮ್ಕಿರು."

"ನಾನೇ ಬಳ್ದಿವ್ನಿ ಕಣಮ್ಮಿ."

"ಬಳ್ದೆ ತಾನೆ? ಇನ್ನೇನು ಬುಡು."

ಸೋಮವಾರ ಬೆಳಗಿನ ಮಂಜಿನಲ್ಲಿ ಹೆಂಗಸರು ಬುತ್ತಿಯ ಗಂಟು ಹಿಡಿದು ಬ್ಯಾರನ್ನಿನ ಮುಂದೆ ನಿಂತಿದ್ದರು. ಡ್ರೈವರು ಚಿಕ್ಕಬೀರಯ್ಯ ಗಾಜು ಒರೆಸುತ್ತಿದ್ದ. ಮಂಚಯ್ಯ ಯಾರನ್ನೂ ಮಾತಾಡಿಸದೆ ಬಂದು, ಹಿಂದಿನ ಗಾಲಿಯ ಪಕ್ಕ ಗೋಣಿತಾಟು ಹಾಸಿ, ಅರ್ಧ ಮೈ ಮಾತ್ರ ಒಳಗಿಟ್ಟು ಮಲಗಿದ. ಜಾಗ ಹುಡುಕಬೇಕಾಗಿರಲಿಲ್ಲ. ದೊಡ್ಡ ಸುತ್ತಿಗೆಯಿಂದ ಮೂರು ಏಟು ಹೊಡೆದ. ಮೊದಲನೆಯದಕ್ಕೆ ಬಣ್ಣ ಸಿಡಿಯಿತು. ಎರಡನೆಯದಕ್ಕೆ ಕಬ್ಬಿಣ ಪುಡಿಯಾಗಿ ಉದುರಿತು. ಮೂರನೆಯದಕ್ಕೆ ಸುತ್ತಿಗೆ ಕಾವಿನವರೆಗೂ ಚಾಸಿಯೊಳಗೆ ಹೋಯಿತು. ಅವನು ಹಿಂದಕ್ಕೆ ಉರುಳಿಕೊಂಡ. ಲಾರಿ ನರಳಿ, ಎಡಗಡೆಗೆ ವಾಲಿ, ಸುತ್ತಿಗೆಯನ್ನು ಕಚ್ಚಿಕೊಂಡು ಕೂತಿತು.

ಸದ್ದಿಗೆ ಶಿವಶಂಕರ್ ಪಂಚೆ ಕಟ್ಟಿಕೊಳ್ಳುತ್ತಲೇ ಓಡಿಬಂದರು.

"ಯಾವನ್ ಕೇಳ್ಕಂಡು ಲಾರಿಗೆ ಕೈ ಹಾಕ್ದೆಲಾ ಸೂಳೇಮಗ್ನೆ?"

"ಲಾರಿ ಮುಟ್ನಿಲ್ಲ," ಎಂದ ಮಂಚಯ್ಯ. ಬುದ್ಧಿ ಎಂಬ ಮಾತು ಬಾಯಿಗೆ ಬರಲಿಲ್ಲ. ಅವನು ಅದಕ್ಕಾಗಿ ಕಾಯಲೂ ಇಲ್ಲ. "ಅಡಿ ಮುಟ್ಟಿವ್ನಿ. ಅದು ಲೆಕ್ಕಕ್ಕಿಲ್ಲ ಅಂತ ನಿಮ್ ಅಯ್ನೋರೇ ಯೋಳವ್ರೆ."

ಚಿಕ್ಕಬೀರಯ್ಯ ಗಾಜಿನ ಕಡೆ ಮುಖ ತಿರುಗಿಸಿಕೊಂಡು ಒರೆಸಿದ್ದನ್ನೇ ಒರೆಸಿದ. ಶಿವಶಂಕರ್ ಬಗ್ಗಿ ಅಡಿ ನೋಡಿದರು. ಆ ಲಾರಿ ಕೊಂಡ ಮೇಲೆ ಅವರು ಬಗ್ಗಿದ್ದು ಅದೇ ಮೊದಲು. ಎದ್ದು ಒಳಗೆ ಹೋಗಿ ಫೋನು ಮಾಡಿದರು.

ಹೆಂಗಸರು ಬ್ಯಾರನ್ನಿನ ಗೋಡೆಗೆ ಒರಗಿ ಕೂತರು. ಮಂಚಯ್ಯ ಎದುರುಗಡೆ ಕೂತ. ನಡುವೆ ರಸ್ತೆಯಷ್ಟು ಜಾಗವಿತ್ತು. ಯಾರೂ ಅದನ್ನು ದಾಟಿ ಬರಲಿಲ್ಲ.

ಒಂಬತ್ತು ಗಂಟೆಗೆ ಪಿರಿಯಾಪಟ್ಟಣದಿಂದ ಬೇರೆ ಲಾರಿ ಬಂತು. ಅದೂ ಹಳೆಯದೇ. ಮಂಚಯ್ಯ ಎದ್ದು ಅದರ ಹಿಂದಿನ ಗಾಲಿಯ ಹತ್ತಿರ ಹೋದ. ಕೈಯಲ್ಲಿ ಏನೂ ಇರಲಿಲ್ಲ. ಬೆರಳ ಗೆಣ್ಣಿನಲ್ಲಿ ಚಾಸಿ ತಟ್ಟಿದ. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಲಿಲ್ಲ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದರು. ತಿಮ್ಮಮ್ಮ ಕೊನೆಗೆ ಹತ್ತಿದಳು.

"ಇಟ್ಟು ಸಾರು ಮುಚ್ಚಿಟ್ಟಿವ್ನಿ," ಎಂದಳು, ಅವನ ಕಡೆ ನೋಡದೆ. "ಉಣ್ಣು."

ಲಾರಿ ಹೊರಟಿತು. ಅದರ ಅಡಿಯನ್ನು ಯಾರೂ ಸುತ್ತಿಗೆಯಿಂದ ಬಡಿದು ನೋಡಿರಲಿಲ್ಲ.