ಪಟ್ಟಿಯಲ್ಲಿಲ್ಲದ ಚಿಗರಿ

೧
ಈ ಕಥೆಯನ್ನು ಹಿಂಡಿನಿಂದ ಆರಂಭಿಸಬೇಕೋ, ಹಿಂಡು ಖಾಲಿಯಾದ ಬಯಲಿನಿಂದಲೋ? ಓದುಗರೇ, ಮೊದಲ ಕರಡಿನಲ್ಲಿ ಮಕ್ತಲ್ ಸೀಮೆಯ ಎರೆಹೊಲದ ಮೇಲೆ ಕೃಷ್ಣಮೃಗಗಳು, ಊರವರ ಬಾಯಲ್ಲಿ ಚಿಗರಿಗಳು, ಸಾಲಾಗಿ ನೆಗೆದವು. ಸೂರ್ಯನೂ ಸಮಯಪಾಲನೆ ಮಾಡಿದ. ಕುರಿಗಾರ ಮೊಗುಲಪ್ಪ ಕೇಳಿಸಿಕೊಂಡು, "ಇದು ಕ್ಯಾಲೆಂಡರ್ ಐತಿ. ಇದರಾಗ ಚಿಗರಿ ಎಲ್ಯಾವ?" ಎಂದ. ಕರಡನ್ನು ಹರಿದು ಹಾಕಲಾಗಿದೆ.

೨
ನಡೆದದ್ದು ಇಷ್ಟು. ಬೆಳೆ ಮೇಯುವ ಚಿಗರಿಗಳನ್ನು ದೂರದ ಕಾಡಿಗೆ ಸಾಗಿಸಲು ಒಂದು ತಂಡ ಬಂದಿತ್ತು. ಮೊಗುಲಪ್ಪನ ಕುರಿಗಳ ಪಕ್ಕದಲ್ಲಿ ಅವು ಬೆದರದೆ ಮೇಯುತ್ತಿದ್ದುದರಿಂದ, ಎರಡು ತಿಂಗಳು ಹಿಂಡನ್ನು ನೋಡಿಕೊಂಡಿರುವ ಕೆಲಸ ಅವನಿಗೆ ಬಿತ್ತು. ಕೊನೆಗೆ ಮೇಲ್ವಿಚಾರಕ ಜಯಸಿಂಹ ಕೇಳಿದ: "ಟೋಟಲ್ ಎಷ್ಟು?"

ಮೊಗುಲಪ್ಪನ ಕಣ್ಣಿನಲ್ಲಿ ನಲವತ್ತೆರಡಿದ್ದವು. "ನಲವತ್ತೊಂದು ಅದಾವ್ರಿ" ಎಂದ. ಅವನ ಮನೆತನದಲ್ಲಿ ಹೊರಗಿನವರಿಗೆ ಹಿಂಡಿನ ಪೂರ್ತಿ ಲೆಕ್ಕ ಹೇಳುವುದಿಲ್ಲ. ದೃಷ್ಟಿ ತಾಕದಿರಲೆಂದು ಒಂದನ್ನು ಕುರಿ ಕಾಯುವ ದೇವರು ಬೀರಪ್ಪನ ಹೆಸರಿಗೆ ಬಿಡುತ್ತಾರೆ. ಕೇಳಿದವರು ಮನಸ್ಸಿನಲ್ಲೇ ಒಂದು ಕೂಡಿಸಿಕೊಳ್ಳುತ್ತಾರೆ. ಜಯಸಿಂಹ ಕೂಡಿಸಲಿಲ್ಲ, ಬರೆದುಕೊಂಡ.

(ಲೇಖಕನೂ ಅಲ್ಲೇ ಬೇವಿನ ನೆರಳಿನಲ್ಲಿ ಕುಳಿತಿದ್ದ. ಅವನಿಗೆ ಈ ಪದ್ಧತಿ ಗೊತ್ತಿತ್ತು. ಬಾಯಿ ಬಿಡಲಿಲ್ಲ, ಕಥೆ ಹುಟ್ಟುತ್ತಿದೆ ಎಂಬ ಖುಷಿಯಲ್ಲಿದ್ದ, ನಾಚಿಕೆಗೆಟ್ಟವನು.)

೩
ಹಸಿರು ಬಟ್ಟೆಯ ಗೋಡೆಗಳ ನಡುವೆ ಹಿಂಡನ್ನು ಅಟ್ಟಿದರು. ಚಿಗರಿಗಳು ಬೆದರುತ್ತವೆಂದು ಮೊಗುಲಪ್ಪನನ್ನು ಒಂದು ಮೈಲಿ ದೂರ ನಿಲ್ಲಿಸಿದರು: ಎರಡು ತಿಂಗಳು ಅವುಗಳ ನಡುವೆ ನಡೆದಾಡಿದವನನ್ನು! ನಲವತ್ತೊಂದು ಒಳಸೇರಿದೊಡನೆ ಬಾಗಿಲು ಬಿತ್ತು. ಲಾರಿಗಳು ಹೋದವು.

ಮರುದಿನ ಹತ್ತಿ ಹೊಲದಲ್ಲಿ ಒಂದು ಗಬ್ಬದ ಚಿಗರಿ ಒಂಟಿಯಾಗಿ ನಿಂತಿತ್ತು. ಬದುವಿನಾಚೆ ಊರ ಬೀದಿನಾಯಿಗಳು ಸುಳಿದಾಡುತ್ತಿದ್ದವು. ಮೊಗುಲಪ್ಪ ಫೋನ್ ಮಾಡಿದ.

"ಸಾರ್, ಒಂದು ಉಳದೈತ್ರಿ. ಗಬ್ಬ ಐತಿ. ಇದನ್ನೂ ಒಯ್ರಿ, ಇಲ್ಲಂದ್ರ ಅವನ್ನ ತಂದು ಬಿಡ್ರಿ."

"ನೀನೇ ಹೇಳಿದ್ದು ನಲವತ್ತೊಂದು. ಅಷ್ಟೂ ಹೋದವು. ಅಯಿಪೋಯಿಂದಿ, ಮುಗಿಯಿತು, ಮೊಗುಲಪ್ಪಾ. ಫೈಲ್ ಕ್ಲೋಸ್."

"ಫೈಲ್ ಮುಚ್ಚಿದ್ರ ನಾಯಿ ಬಾಯಿ ಮುಚ್ಚತಾವೇನ್ರೀ? ಒಮ್ಮಿ ಬಂದು ಕಣ್ಣಿಲೆ ನೋಡ್ರಿ!"

"ಅದು ಬೇರೆ ಊರಿಂದಿರಬೇಕು" ಎಂದು ಜಯಸಿಂಹ ಫೋನ್ ಇಟ್ಟ.

ಹೆಂಡತಿ ಪೆಂಟಮ್ಮ ಬಿಡುವವಳೇ? "ಬೀರಪ್ಪಗ ಬಿಟ್ಟೀಯಲ್ಲ, ಅವನೇ ಬಂದು ಕಾಯಲಿ! ದೇವರಿಗೂ ದಗದ ಹಚ್ಚಿದಿ."

೫
(ನಾಲ್ಕನೆಯದರಲ್ಲಿ ಲೇಖಕ ವಿಪರೀತ ಮರುಗಿದ್ದ. ಪೆಂಟಮ್ಮ ಅದನ್ನು ಒಲೆಗೆ ಹಾಕಿದಳು.)

ಮುಕ್ತಾಯ ಒಂದು: ಜಯಸಿಂಹ ಪಶ್ಚಾತ್ತಾಪಪಟ್ಟು ಜೀಪಿನಲ್ಲಿ ಬರುತ್ತಾನೆ.

"ಯಾವ ಜೀಪ?" ಎಂದು ಮೊಗುಲಪ್ಪ ಖಾಲಿ ರಸ್ತೆಯನ್ನು ತೋರಿಸಿದ.

ಮುಕ್ತಾಯ ಎರಡು: ಚಿಗರಿ ಕುರಿಗಳೊಡನೆ ಸೇರಿ, ಅಲ್ಲೇ ಮರಿ ಹಾಕುತ್ತದೆ.

"ಅದು ಕುರಿ ಆಗಂಗಿಲ್ಲೋ ಮಾರಾಯ! ಕುಂತು ಬರಿಯಾಕ ನಿನಗೇನು?" ಎಂದು ಮತ್ತೆ ಅವನೇ ಗದರಿದ.

ಮೂರನೆಯದನ್ನು ಬರೆಯಲು ಹೊರಟಾಗ ಮೊಗುಲಪ್ಪ ಪೆನ್ನು ಕಿತ್ತುಕೊಂಡ. "ನಾಯಿ ಅಂತ ಬರದ್ರ ಕೈ ಮುರೀತೀನಿ."

"ಹಾಗಾದರೆ ಏನು ಬರೆಯಲಿ?"

"ಬರೀಬ್ಯಾಡ. ನೀವು ಬರಕೊಳ್ಳೋ ಮಂದಿ, ಹಾಳಿ ಮ್ಯಾಲ ಬಂತಂದ್ರ ಮುಗೀತು ಅಂತೀರಿ. ಆ ಸಾಹೇಬನೂ ಹಂಗ, ನೀನೂ ಹಂಗ. ಎದ್ದು ಬಾ. ಕಾಲುವಿ ಕಡಿ ನಿಂದ್ರು, ನಾಯಿ ಬಂದ್ರ ಕಲ್ಲು ಒಗಿ."

ಲೇಖಕ ಎದ್ದು ಹೋದ. ಹಿಂಡಿನಲ್ಲಿದ್ದಾಗ ಒಂದು ಮೇಯುವಾಗ ಇನ್ನೊಂದು ತಲೆಯೆತ್ತಿ ನೋಡುತ್ತಿತ್ತು. ಈಗ ಈ ಚಿಗರಿ ಎರಡು ತುತ್ತಿಗೊಮ್ಮೆ ತಾನೇ ಬೆಚ್ಚಿ ತಲೆಯೆತ್ತುತ್ತದೆ, ಹೊಟ್ಟೆ ತುಂಬುವುದಿಲ್ಲ. ಮೂಡಲಿಗೆ ಮೊಗುಲಪ್ಪ ನಿಂತಿದ್ದಾನೆ. ತೆಂಕಲಿಗೆ ಪೆಂಟಮ್ಮ, ಬೈಯುತ್ತಲೇ. ಪಡುವಲ ಕಾಲುವೆಯ ಬಳಿ ಲೇಖಕ, ಕೈಯಲ್ಲಿ ಕಲ್ಲು.

ಓದುಗರೇ, ಬಡಗಣ ಬದುವಿನಲ್ಲಿ ಯಾರೂ ಇಲ್ಲ.